ಸುಳ್ಳು ಹಿಮದೊಳಗಿನ ಎಣಿಕೆ

ದೆವ್ವ, ಶಕುನ, ಅಶರೀರವಾಣಿ ಎಂದು ಯಾರಾದರೂ ಬಾಯಿ ತೆರೆದರೆ ಅವರನ್ನು ಕಾಡಿಸದೆ ಬಿಟ್ಟವನಲ್ಲ ನಾನು. ಇಂಡಿ ಊರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಅದು ಅರ್ಧ ಕೆಲಸ, ಅರ್ಧ ಚಟ. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ. ನೀವು ನಕ್ಕರೆ ತಪ್ಪು ತಿಳಿಯುವುದಿಲ್ಲ.

ನಮ್ಮಲ್ಲಿ ಜೀವಶಾಸ್ತ್ರ ಕಲಿಸುವ ವೈಜಯಂತಿ ಬಸವನ ಬಾಗೇವಾಡಿಯವಳು. ಅವಳ ಅಣ್ಣ ಸೈನ್ಯದಲ್ಲಿ, ಹಿಮದ ಗಡಿಯಲ್ಲಿ ಕಾವಲಿಗಿದ್ದ. ಹಿಮ ಕುಸಿದು ಹೂತುಹೋದವರು ಹೆಚ್ಚಾಗಿ ಸಾಯುವುದು ಚಳಿಗಲ್ಲ, ತಾವು ಬಿಟ್ಟ ಉಸಿರನ್ನು ತಾವೇ ಮತ್ತೆ ಎಳೆದುಕೊಂಡು ಎಂದು ತಿಳಿದಂದಿನಿಂದ ಅವಳಿಗೆ ಬೇರೆ ಮಾತೇ ಇರಲಿಲ್ಲ. ಅಂಥವರ ಉಸಿರು ಇನ್ನಷ್ಟು ಹೊತ್ತು ಉಳಿಯುವ ದಾರಿ ಹುಡುಕಬೇಕೆಂದು ಹಟ ಹಿಡಿದಳು.

"ಇಂಡಿ ಬಿಸಲಾಗ ಹಿಮಾ ಎಲ್ಲಿಂದ ತರ್ತೀ ತಂಗಿ?" ಎಂದು ಕಾಡಿಸಿದೆ.

"ಖರೇ ಹಿಮ ದಿನಕ್ಕೊಂದು ನಮೂನಿ ಇರತೈತ್ರಿ ಸರ್. ಪ್ರಯೋಗಕ್ಕ ಸುಳ್ಳು ಹಿಮಾನ ಚೊಲೊ."

ನಿಂಬೆ ಸಸಿ ಬೆಳೆಸುವವರು ಮಣ್ಣಿಗೆ ಬೆರೆಸುವ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳನ್ನು ತಂದು, ನೀರು ಚಿಮುಕಿಸಿ, ಡ್ರಮ್ಮಿಗೆ ಒತ್ತಿ ತುಂಬಿದಳು. ಗಾಳಿ ಅದರಲ್ಲಿ ಹಿಮದೊಳಗಿನಂತೆಯೇ ತಡೆತಡೆದು ಸುಳಿಯುತ್ತದಂತೆ. ಹದ ಸರಿಬರುವವರೆಗೆ ಅದೆಷ್ಟು ಸಲ ಸುರುವಿ ತುಂಬಿದಳೋ! ಅವಳ ತಾಳ್ಮೆ ಕಂಡು ನನ್ನ ಕುಚೋದ್ಯ ತಾನಾಗಿಯೇ ಅಡಗಿತು.

ಬೇರೆಯವರನ್ನು ಕರೆಯುವ ಮುಂಚೆ ತಾನೇ ಉಸಿರಾಡಿ ನೋಡುತ್ತೇನೆಂದು ಒಂದು ಮಧ್ಯಾಹ್ನ ಬೆಂಚಿನ ಮೇಲೆ ಬೋರಲು ಮಲಗಿದಳು. ಮೂಗಿಗೆ ಕ್ಲಿಪ್, ಬಾಯಿಗೆ ಕೊಳವೆ. ಅದರ ಇನ್ನೊಂದು ತುದಿ ಡ್ರಮ್ಮಿನ ಹರಳಿನಲ್ಲಿ. ಬೆರಳಿಗೆ ಆಮ್ಲಜನಕ ಅಳೆಯುವ ಉಪಕರಣ. ಊರಿನ ಡಾಕ್ಟರೊಬ್ಬರು ಅದರ ಪರದೆ ನೋಡುತ್ತ ಕುಳಿತರು. ಅವರು ಹೇಳಿದ ಕೂಡಲೇ ಕೊಳವೆ ಕೀಳುವುದು ನನ್ನ ಕೆಲಸ. ಸಾಕೆನಿಸಿದರೆ ಕೈ ಎತ್ತುತ್ತೇನೆ ಎಂದಿದ್ದಳು.

ಸ್ವಲ್ಪ ಹೊತ್ತಿಗೆ ನನಗೆ ಎಣಿಕೆ ಕೇಳಿಸಿತು. "ಲಾಭ... ಎರಡ... ಮೂರ..." ವೈಜಯಂತಿಯದೇ ದನಿ, ತಗ್ಗಿದ್ದರೂ ಸ್ಪಷ್ಟ. ಆ ಎಣಿಕೆ ನಮ್ಮ ಮನೆಯದು. ನಮ್ಮೂರು ಹೊರ್ತಿಯಲ್ಲಿ ಹಿರಿಯರಿಗೊಂದು ಹಗೇವು ಇತ್ತಂತೆ. ಜೋಳ ತುಂಬಿಡುವ ನೆಲದಡಿಯ ಕುಣಿ. ಒಳಗಿನ ಗಾಳಿ ಕೆಟ್ಟಿರುತ್ತದೆ. ಇಳಿದವನು ಬುಟ್ಟಿ ತುಂಬುತ್ತ ಗಟ್ಟಿಯಾಗಿ ಎಣಿಸಬೇಕು, ಒಂದು ಎನ್ನದೆ ಲಾಭ ಎನ್ನಬೇಕು. ಎಣಿಕೆ ನಿಂತರೆ ಮೇಲಿನವರು ಹಗ್ಗ ಎಳೆಯಬೇಕು. ಅಜ್ಜಿ ಹೇಳುತ್ತಿದ್ದಳು. ಇದು ಇವಳಿಗೆ ಹೇಗೆ ಗೊತ್ತು, ಬಾಯಲ್ಲಿ ಕೊಳವೆಯಿಟ್ಟುಕೊಂಡು ಹೇಗೆ ಎಣಿಸುತ್ತಿದ್ದಾಳೆ ಎಂದು ನಾನು ತಬ್ಬಿಬ್ಬಾಗಿರುವಾಗಲೇ ದನಿ ನಿಂತುಹೋಯಿತು. ಕೊಳವೆ ಕಿತ್ತುಬಿಟ್ಟೆ.

"ಯಾಕ್ರಿ ಸರ್? ಎಲ್ಲಾ ಬರೋಬರಿ ಐತಲ್ರಿ!" ಎಂದು ಡಾಕ್ಟರು ಸಿಡುಕಿದರು.

ಅವಳನ್ನು ಹೊರಳಿಸಿದೆವು. ತುಟಿ ಕಪ್ಪಿಟ್ಟಿತ್ತು, ಎಚ್ಚರವಿರಲಿಲ್ಲ. ಪರದೆ ಹಳೆಯ ಅಂಕಿಯನ್ನೇ ಹಿಡಿದು ನಿಂತುಬಿಟ್ಟಿತ್ತು. ಡಾಕ್ಟರು ಗಡಿಬಿಡಿಯಿಂದ ಆಮ್ಲಜನಕ ಕೊಟ್ಟರು. ಅವಳು ಕಣ್ಣು ಬಿಟ್ಟಾಗ ನಾನು ನಾಚಿಕೆ ಬಿಟ್ಟು ಅತ್ತೆ.

ಡಾಕ್ಟರಿಗೆ ಯಾವ ದನಿಯೂ ಕೇಳಿಸಿರಲಿಲ್ಲ. ವೈಜಯಂತಿ ಸುಧಾರಿಸಿಕೊಂಡ ಮೇಲೆ ಕೇಳಿದರೆ, "ನಾ ಏನೂ ಎಣಿಸಿಲ್ರಿ ಸರ್. ಲಾಭ ಅಂದ್ರ ಏನ್ರಿ?" ಎಂದಳು. ಹಗೇವಿನ ಸಂಗತಿ ಹೇಳಿದೆ.

ಉಸಿರಿನ ಸಪ್ಪಳವನ್ನೇ ನನ್ನ ಕಿವಿ ಎಣಿಕೆ ಮಾಡಿಕೊಂಡಿತೆಂದು ನನಗೆ ನಾನೇ ಎಷ್ಟೋ ಸಲ ಪಾಠ ಹೇಳಿದ್ದೇನೆ. ಮನಸ್ಸು ಒಪ್ಪಿಲ್ಲ. ಆ ದನಿ ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಅವಳ ಎದೆಗಾರಿಕೆ ನೋಡಿ: ಬೇರೆ ಉಪಕರಣ ಬಂದ ಕೂಡಲೇ ಮತ್ತೆ ಮಲಗಿದಳು. ಕೊಳವೆ ಬಾಯಿಗಿಡುವ ಮುಂಚೆ, "ಎಣಿಕಿ ನಿಂತ್ರ ಎಬ್ಬಸ್ರಿ ಸರ್," ಎಂದಳು. ತಮಾಷೆಗೆ ಹೇಳಿದ ಹಾಗಿರಲಿಲ್ಲ.

ಆ ಸಲ ಯಾವ ದನಿಯೂ ಕೇಳಿಸಲಿಲ್ಲ. ಶುರುವೇ ಆಗದ ಎಣಿಕೆ ನಿಂತದ್ದು ನನಗೆ ಹೇಗೆ ಗೊತ್ತಾಗಬೇಕು? ಕೊಳವೆಯ ಮೇಲೆ ಕೈಯಿಟ್ಟು, ಅವಳ ಬೆನ್ನನ್ನೇ ನೋಡುತ್ತ ಕುಳಿತೆ. ಕೊನೆಗೆ ಅವಳು ಕೈ ಎತ್ತಿದಾಗಲೇ ನಾನು ಉಸಿರು ಬಿಟ್ಟದ್ದು.