ರೇಷ್ಮೆ ಎಳೆಯಲ್ಲಿ ಕಟ್ಟಿದ ಲೋಲಕಗಳು

ಹಿಂದೂಪುರದಲ್ಲಿ ನನ್ನದೊಂದು ಸಣ್ಣ ಎಲೆಕ್ಟ್ರಿಕ್ ಅಂಗಡಿ. ಫ್ಯಾನು, ಮೋಟರು ರಿಪೇರಿಯೇ ಹೆಚ್ಚು. ಎಂಬತ್ತರ ದಶಕದಲ್ಲಿ ಕಲ್ಯಾಣದುರ್ಗದ ಹಳೇ ಬಂಗಲೆಯೊಂದನ್ನು ಮ್ಯೂಸಿಯಂ ಮಾಡಲು ಹೊರಟಾಗ, ಅಲ್ಲಿನ ದೀಪಗಳನ್ನು ಸರಿಪಡಿಸುವ ಕೆಲಸ ನನಗೆ ಬಂತು. ಗೋಡೆದೀಪಗಳೇನೋ ಸುಲಭ. ಹಜಾರದ ಗಾಜಿನ ಗೊಂಚಲುದೀಪ ನೋಡಿದರೆ ಮಾತ್ರ ಎದೆ ಝಲ್ಲೆನ್ನುತ್ತಿತ್ತು. ಮಸಿ ಹಿಡಿದು ಕಪ್ಪಾಗಿತ್ತು. ಸುತ್ತ ತೂಗುವ ಗಾಜಿನ ಲೋಲಕಗಳನ್ನು ಹಿಡಿದ ಕೊಂಡಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು.

ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳು ನೇಕಾರರ ಮನೆಯ ಮಗಳು. ಹರಿದ ಎಳೆಗೆ ಕಣ್ಣು ಮುಚ್ಚಿಕೊಂಡೇ ಗಂಟು ಹಾಕುವವಳು. ದೀಪವನ್ನು ಕೆಳಗಿಳಿಸಿ ನಾನು ವೈರು ಬದಲಿಸಿದೆ. ಅವಳು ಲೋಲಕಗಳನ್ನು ಅಂಟುವಾಳದ ನೀರಿನಲ್ಲಿ ತೊಳೆದು, ಹಳೇ ಪಂಚೆಯ ಮೇಲೆ ಹರಡಿ ಒಣಗಿಸಿದಳು. ಹೊಸ ಕೊಂಡಿಗೆಂದು ಹೇಳಿದ್ದ ಹಿತ್ತಾಳೆ ತಂತಿ ಬೆಂಗಳೂರಿನಿಂದ ಬರುವುದು ತಡವಾಯಿತು. ಅಷ್ಟರಲ್ಲಿ ಯಾವುದು ಎಲ್ಲಿಗೆ ಎಂಬುದು ಮರೆತುಹೋಗಬಾರದೆಂದು, ತವರಿನಿಂದ ತಂದ ಕೆಂಪು ರೇಷ್ಮೆ ಎಳೆಯಲ್ಲಿ ಒಂದೊಂದನ್ನೂ ಅದರದರ ಜಾಗಕ್ಕೆ ಕಟ್ಟಿದಳು.

"ತಂತಿ ಬಂದ್ಮೇಲೆ ನಾನೇ ಬಿಚ್ತೀನಿ. ನೀವು ಕೈ ಹಾಕ್ಬ್ಯಾಡಿ, ಒಡೆದ್ಬುಡ್ತೀರ" ಅಂದಿದ್ದಳು.

ಆಗಲೇ ಅವಳಿಗೆ ಊಟ ಸೇರುತ್ತಿರಲಿಲ್ಲ. ಬಿಸಿಲಿಗಿರಬೇಕು ಅಂದುಕೊಂಡೆವು. ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವರು ಅವಳ ತಾಯಿ. ಕಾಮಾಲೆಗೆಂದು ಸೊಪ್ಪಿನ ರಸ ಕುಡಿಸಿದರು; ಆಮೇಲೆ ಆಸ್ಪತ್ರೆಗೂ ಸೇರಿಸಿದೆವು.

"ದೀಪ ಮ್ಯಾಕೆ ಏರ್ಸಿದ್ರಾ?" ಎಂದು ಕೇಳಿದಳು, ಪ್ರಜ್ಞೆ ತಪ್ಪುವ ಮುಂಚೆ.

"ನೀನು ಬಂದ್ಮೇಲೆ ಕಣೇ" ಅಂದೆ.

ಅವಳು ಬರಲಿಲ್ಲ.

ತಿಥಿ ಕಳೆದ ಮೇಲೆ ಕಲ್ಯಾಣದುರ್ಗಕ್ಕೆ ಒಬ್ಬನೇ ಹೋದೆ. ತಂತಿ ಬಂದಿತ್ತು. ದೀಪ ಹಾಗೇ ಕೆಳಮಟ್ಟದಲ್ಲಿ ತೂಗುತ್ತಿತ್ತು. ಗಂಟುಗಳನ್ನು ಉಗುರಿನಿಂದ ಬಿಡಿಸಲು ನೋಡಿದೆ. ಮಗ್ಗದವರ ಗಂಟು, ಎಳೆದಷ್ಟೂ ಬಿಗಿಯಾಯಿತು. ಕತ್ತರಿ ತೆಗೆದೆ. ಎಳೆ ಕತ್ತರಿಸಿ, ತಂತಿ ಸುತ್ತಿ, ಮುಂದಿನದಕ್ಕೆ ಹೋಗಬೇಕು. ನಡುನಡುವೆ ಎದ್ದು ಹೋಗಿ ಜಗಲಿಯಲ್ಲಿ ಕೂತು ಬರುತ್ತಿದ್ದೆ.

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಮೇಡಂ ತೆಲುಗಿನವರು. ನನ್ನ ಮುಖ ನೋಡಿ ಮೆಲ್ಲಗೆ, "ಪರವಾಲೇದು ಅಣ್ಣಾ, ಒಂದನ್ನ ಹಂಗೇ ಬಿಟ್ಬುಡಿ. ಯಾರೂ ನೋಡಲ್ಲ" ಅಂದರು.

ಬಿಡಬೇಕೆಂದು ಮನಸ್ಸು ಬೇಡಿಕೊಂಡಿತು. ಆದರೆ ಬಲ್ಬಿನ ಕಾವಿಗೆ ಎಳೆ ಸೀದು, ಗಾಜು ಯಾವ ಮಗುವಿನ ತಲೆಯ ಮೇಲೆ ಬಿದ್ದೀತೋ?

"ಬ್ಯಾಡಮ್ಮ, ಅವಳೇ ಒಪ್ತಿರ್ಲಿಲ್ಲ" ಅಂದು ಕೊನೆಯದನ್ನೂ ಕತ್ತರಿಸಿದೆ.

ಸರಪಳಿ ಎಳೆದು ದೀಪ ಮೇಲೇರಿಸಿ ಸ್ವಿಚ್ ಹಾಕಿದಾಗ ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಗೋಡೆಯ ತುಂಬ ಬಣ್ಣ ಬಣ್ಣದ ಚುಕ್ಕೆಗಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಬಿಟ್ಟು ಈಚೆ ಕೂತಿದ್ದೆ. ಕಂಬದೂರಿನಲ್ಲಿ ಬುಟ್ಟಿ ಹಿಡಿದು ಹತ್ತಿದ ಹೆಂಗಸೊಬ್ಬಳು, "ಅಲ್ಲಿ ಯಾರಾನಾ ಬತ್ತಾರೇನಣ್ಣ?" ಎಂದು ಕೇಳಿದಳು. ಯಾರಿಗೆ ಜಾಗ ಹಿಡಿದು ಕೂತಿದ್ದೆನೆಂದು ಆಗ ಹೊಳೆಯಿತು.

"ಇಲ್ಲ ಕಣಮ್ಮ, ಯಾರೂ ಬರಲ್ಲ" ಅಂದು ಕಾಲು ಸರಿಸಿ ದಾರಿ ಬಿಟ್ಟೆ.