ಆಯಿ ಉಳಿಸಿದ ಸೀಟಿ

ಕುಕ್ಕರಿನ ಸೀಟಿ ಕೇಳಿದರೆ ಬೇರೆ ಹೆಂಗಸರು ಒಲೆಯ ಕಡೆ ನೋಡುತ್ತಾರೆ; ನಾನು ತುಟಿ ಒದ್ದೆ ಮಾಡಿಕೊಳ್ಳುತ್ತೇನೆ. ಲಿಂಗಸುಗೂರಿನ ಈ ಬಾಡಿಗೆ ಮನೆಯಲ್ಲಿ ಪಕ್ಕದವರ ಕುಕ್ಕರು ಒಮ್ಮೆ ಕೂಗಿದರೆ ಸಾಕು, ಬೇಯುವ ಅಕ್ಕಿಯ ಆವಿಯ ಜೊತೆ ಗೊರೇಬಾಳದ ನಮ್ಮ ಮನೆ ಎದ್ದು ಬರುತ್ತದೆ. ಕಾಲುವೆಯ ತಂಪು ಗಾಳಿ ನುಗ್ಗುತ್ತಿದ್ದ ಹಿತ್ತಲ ಬಾಗಿಲು, ಪಡಸಾಲೆಯಲ್ಲಿ ಒಟ್ಟಿದ ನೆಲ್ಲಿನ ಚೀಲಗಳ ಬಿಸಿ ವಾಸನೆ, ದೇವರ ಜಗಲಿಯ ಮೇಲೆ ಹಿತ್ತಾಳೆಯ ವಿಭೂತಿ ಡಬ್ಬಿ, ಅದರ ಪಕ್ಕದಲ್ಲಿ ಕಾಲು ಚಾಚಿ ಕುಳಿತ ಆಯಿ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಬಾಯಲ್ಲಿ ಹಲ್ಲಿರಲಿಲ್ಲ, ಮಾತಿಗೆ ಮಾತ್ರ ಇತ್ತು.

ಸೀಟಿ ಹೊಡೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ತುಟಿ ಚೂಪು ಮಾಡಿದೆ, ಬಂತು, ಅಷ್ಟೇ. ಸೋಮವಾರದ ಭಜನೆಯ ಧಾಟಿಗಳು, ಬಸ್ಸಿನ ಹಾರ್ನು, ಗದ್ದೆಯ ಹಕ್ಕಿಗಳು, ಒಮ್ಮೆ ಕೇಳಿದ್ದು ನನ್ನ ಬಾಯಿಂದ ತಿರುಗಿ ಬರುತ್ತಿತ್ತು. ಮನೆಯ ಯಜಮಾನ ನನ್ನ ದೊಡ್ಡಪ್ಪ. ಅವನಿಗೆ ಅದು ಮೈಮೇಲೆ ಕೆಂಡ ಸುರಿದಂತೆ. "ಹೆಣ್ಮಕ್ಕಳು ಸೀಟಿ ಹೊಡದ್ರ ಮನಿಗೆ ದರಿದ್ರ ಬರ್ತೈತಿ," ಎನ್ನುತ್ತಿದ್ದ. ಅದೇ ದೊಡ್ಡಪ್ಪ ಗದ್ದೆಯಲ್ಲಿ ಆಳುಗಳನ್ನು ಕರೆಯಲು ನಾಯಿಯೂ ಬೆಚ್ಚುವಂತೆ ಸೀಟಿ ಹೊಡೆಯುತ್ತಿದ್ದ! ದರಿದ್ರಕ್ಕೆ ಗಂಡು ಹೆಣ್ಣು ಅಂತ ಬೇರೆ ಗೊತ್ತಾಗುತ್ತದೆಯೇ, ನೀವೇ ಹೇಳಿ.

ಅತ್ತಿಯನ್ನು, ಅಂದರೆ ಅಪ್ಪನ ಕಿರಿಯ ತಂಗಿಯನ್ನು, ನೋಡಲು ಮಸ್ಕಿಯಿಂದ ಬೀಗರಾಗುವವರು ಬಂದ ದಿನ ಆಗಿದ್ದು ಇದು. ಅಡುಗೆಮನೆಯಲ್ಲಿ ಚಿಕ್ಕಪ್ಪನ ಹೆಂಡತಿ ಚಿಗವ್ವ ಒಬ್ಬಳೇ. ಅನ್ನಕ್ಕೆ ಕುಕ್ಕರು ಇಟ್ಟು, ಸೀಟಿಯ ಕಡೆ ಒಂದು ಕಿವಿ ಬಿಟ್ಟು, ರೊಟ್ಟಿ ಬಡಿಯುತ್ತಿದ್ದಳು. ನಾನು ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದೆ. ಕುಕ್ಕರು ಒಂದು ಸಲ ಕೂಗಿತು. ಏನು ಚಂದದ ಕೂಗು ಅದು! ಮೊದಲು ಬುಸುಗುಟ್ಟಿ, ಆಮೇಲೆ ಏರಿ, ಕೊನೆಗೆ ಸೋತು ಇಳಿಯುವುದು. ನನ್ನ ತುಟಿ ತಾನಾಗಿಯೇ ಅದನ್ನು ಹಿಡಿಯಿತು. ತೃಪ್ತಿಯಾಗಲಿಲ್ಲ, ಮತ್ತೊಮ್ಮೆ ಹೊಡೆದೆ. ಮೂರರ ಲೆಕ್ಕ ಮುಗಿಯಿತೆಂದು ಚಿಗವ್ವ ಗ್ಯಾಸ್ ಆರಿಸಿಬಿಟ್ಟಳು. ಬಡಿಸುವ ಅವಸರದಲ್ಲಿ ಯಾರೂ ಅಗುಳು ಹಿಚುಕಿ ನೋಡಲಿಲ್ಲ. ನೆಲ್ಲು ಬೆಳೆಯುವ ಮನೆಯಲ್ಲಿ ಬೀಗರ ಎಲೆಗೆ ಅರೆಬೆಂದ ಅನ್ನ! ಮಸ್ಕಿಯ ಹಿರಿಯರು ಒಂದು ತುತ್ತು ಅಗಿದು ನೀರಿನ ತಂಬಿಗೆಗೆ ಕೈ ಹಾಕಿದರು.

"ಮೂರು ಸೀಟಿ ಆಗ್ಯಾವ್ರೀ, ನಾನ ಕೇಳೀನಿ," ಎಂದು ಚಿಗವ್ವ ಅಳುತ್ತ ಹೇಳಿದಾಗ ದೊಡ್ಡಪ್ಪನ ಕಣ್ಣು ನೇರ ನನ್ನ ಮೇಲೆ ಬಿತ್ತು. ಬೀಗರ ಎದುರಿಗೇ ರಟ್ಟೆ ಹಿಡಿದು ದೇವರ ಜಗಲಿಯ ಮುಂದೆ ಎಳೆದು ನಿಲ್ಲಿಸಿದ. "ಇಬತ್ತಿ ಮುಟ್ಟಿ ಆಣಿ ಮಾಡು. ಇನ್ನ ಸಾಯೂತನಕ ಸೀಟಿ ಹೊಡೆಯಂಗಿಲ್ಲ ಅನ್ನು." ನಮ್ಮ ಮನೆಯಲ್ಲಿ ವಿಭೂತಿ ಮುಟ್ಟಿ ಆಡಿದ ಮಾತನ್ನು ಯಾರೂ ಮುರಿದದ್ದಿಲ್ಲ. ಮುಟ್ಟಿದರೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಕೈ ಡಬ್ಬಿಯ ಕಡೆ ಹೋಗಿತ್ತು. ಆಗ ಆಯಿ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಮುಚ್ಚಿ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಲೇ, ಶಿವ ಕೊಟ್ಟಿದ್ದನ್ನ ಬಿಡ್ತೀನಂತ ಶಿವನ ಮುಂದ ಆಣಿ ಮಾಡಸ್ತೀಯೇನು? ಕೊಟ್ಟಾಂವ ಆಂವ. ಕಸಗೊಳ್ಳಾಕ ನೀ ಯಾರು?"

"ಯವ್ವಾ, ಬೀಗರು ಕುಂತಾರ ಬೇ," ಎಂದ ದೊಡ್ಡಪ್ಪ.

"ಕುಂದರ್ಲಿ. ಕೇಳ್ಲಿ." ಆಯಿ ನನ್ನ ಕಡೆ ತಿರುಗಿದಳು. "ಸೋಮವಾರದ ಪದ ಹೊಡಿ ಬೇ, ನನ್ನವ್ವಾ."

ಹೊಡೆದೆ. ಮೊದಲು ಗಾಳಿಯಷ್ಟೇ ಬಂತು, ಆಮೇಲೆ ಪದ ಬಂತು. ಮಸ್ಕಿಯ ಹಿರಿಯರು ಎಂಜಲು ಕೈಯಲ್ಲೇ ತೊಡೆಯ ಮೇಲೆ ತಾಳ ಹಾಕಿದ್ದನ್ನು ನಾನು ನೋಡಿದ್ದೇನೆ. ಅತ್ತಿ ಅದೇ ಮನೆಯ ಸೊಸೆಯಾದಳು. ಯಾವ ದರಿದ್ರವೂ ಬರಲಿಲ್ಲ. ದೊಡ್ಡಪ್ಪ ಬಹಳ ಕಾಲ ನನ್ನ ಜೊತೆ ಮಾತಾಡಲಿಲ್ಲ. ಆಡದಿದ್ದರೆ ಹೋಗಲಿ.

ಆಯಿ ಅಲ್ಲಿಗೇ ಬಿಡಲಿಲ್ಲ. ನನ್ನನ್ನು ಬಸ್ಸಿನಲ್ಲಿ ಸಿಂಧನೂರಿಗೆ ಕರೆದೊಯ್ದು, ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿದ್ದ ಕೊಳಲಿನ ಗುರುಗಳ ಮುಂದೆ ಕೂರಿಸಿದಳು. ಮೂಗಿಗೆ ತೌಡಿನ ಧೂಳು, ಕೈಗೆ ಬಿದಿರು. ಗುರುಗಳು, "ಉಸರು ಭಾಳ ಐತಿ, ಹದ ಇಲ್ಲ," ಎಂದು ಒಂದೇ ಸ್ವರವನ್ನು ವಾರಗಟ್ಟಲೆ ಊದಿಸಿದರು. ಬೇಸತ್ತು, ಇನ್ನು ಬರುವುದಿಲ್ಲವೆಂದು ಬಸ್ಸಿನಲ್ಲಿ ಅಳತೊಡಗಿದೆ. "ಬೀಜ ಕೊಡೂದು ಶಿವಂದು," ಎಂದಳು ಆಯಿ, "ಸಸಿ ಹಚ್ಚೂದು, ಕಳೆ ತಗಿಯೂದು ಆಂವ ಬಂದು ಮಾಡ್ತಾನೇನು? ಅವತ್ತು ಅನ್ನ ಅರಬರಿ ಇಳಿಸಿದಿ. ನಿನ್ನ ನೀ ಅರಬರಿ ಇಳಿಸಿಗೋಬ್ಯಾಡ." ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತ, ದನಿ ತಗ್ಗಿಸಿ ಹೇಳಿದಳು: "ನಾನೂ ಹೊಡಿತಿದ್ನೆವ್ವಾ ಸೀಟಿ, ನಿನಗಿಂತ ಚಂದ. ನಮ್ಮಪ್ಪ ಇಬತ್ತಿ ಮುಟ್ಟಿಸಿದ. ನಾ ಮುಟ್ಟಿದೆ." ಆಮೇಲೆ ಆ ಹಲ್ಲಿಲ್ಲದ ಬಾಯಿಯನ್ನು ಚೂಪು ಮಾಡಿದಳು. ಬರೀ ಗಾಳಿ ಬಂತು. ಆಯಿ ನಕ್ಕಳು. ನನಗೆ ನಗು ಬರಲಿಲ್ಲ. ಅಂದಿನಿಂದ ನಾನು ಒಂದು ದಿನವೂ ಕೊಳಲು ಬಿಟ್ಟವಳಲ್ಲ.

ಇಂದು ಲಿಂಗಸುಗೂರಿನ ಹುಡುಗಿಯರು ನನ್ನ ಹತ್ತಿರ ಕೊಳಲು ಕಲಿಯುತ್ತಾರೆ. ಸೇರಿದ ದಿನ ನಾನು ಕೇಳುವ ಮೊದಲ ಪ್ರಶ್ನೆ, ಸೀಟಿ ಹೊಡೆಯಲು ಬರುತ್ತದೆಯೇ ಎಂದು. ತಾಯಂದಿರು ಮುಖ ಗಂಟಿಕ್ಕುತ್ತಾರೆ. ಇಕ್ಕಲಿ.

ಆಯಿ ಹೋದಳು, ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಬೇರೆಯಾದರು, ಮನೆ ಕೆಡವಿ ನೆಲ್ಲಿನ ಗೋದಾಮು ಕಟ್ಟಿದರು. ಮೊನ್ನೆ ಗೊರೇಬಾಳಕ್ಕೆ ಹೋದಾಗ, ಅಡುಗೆಮನೆ ಇದ್ದ ಜಾಗವನ್ನು ಅಂದಾಜಿನಲ್ಲಿ ಹುಡುಕಿ, ಚೀಲಗಳ ನಡುವೆ ನಿಂತು, ಅದೇ ಕುಕ್ಕರಿನ ಸೀಟಿ ಹೊಡೆದೆ. ಮುದುಕ ಕಾವಲುಗಾರ ಗಾಬರಿಯಿಂದ ಬಂದ. "ಹೆಣ್ಮಕ್ಕಳು ಸೀಟಿ ಹೊಡಿಬಾರ್ದ್ರೀ ಅಕ್ಕಾರ."

"ಯಾಕ ಹೊಡಿಬಾರ್ದು?" ಎಂದು, ಅವನ ಎದುರಿಗೇ ಇನ್ನೂ ಜೋರಾಗಿ ಹೊಡೆದೆ. ತಗಡಿನ ಮಾಡಿಗೆ ಬಡಿದು ದನಿ ತಿರುಗಿ ಬಂತು. ಬೇಕಾದಷ್ಟು ಸಲ ಹೊಡೆದೆ. ಒಲೆ ಆರಿಸಲು ಯಾರೂ ಬರಲಿಲ್ಲ.