ರಟ್ಟಿನ ಮರೆಯ ದಾಳ

ಲಿಫ್ಟ್ ರಿಪೇರಿಯವನಿಗೆ ಅನುಮಾನವೇ ಹೊಟ್ಟೆಪಾಡು. ಒಂದು ಹಗ್ಗ ಸಾಕಾಗುವ ಕಡೆ ನಾಲ್ಕು ಹಗ್ಗ ಇದ್ದರೂ, ಮನೆಗೆ ಬಂದ ಮೇಲೆ "ಬೋಲ್ಟ್ ಬಿಗಿ ಮಾಡಿದೆನಾ?" ಅಂತ ತಲೆ ಕೆರೆದುಕೊಳ್ಳುವವರ ಪೈಕಿ ಅವನು.

ಇಂಥವನು ಪ್ರತಿ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ, ಎಲ್ಲರೂ ಸೇರಿ ಬಾಯಲ್ಲೇ ಕಟ್ಟುವ ವೀರರ ಕಥೆಯ ಆಟ ಆಡಿಸುತ್ತಿದ್ದ. ಅಕ್ಕ, ಭಾವ, ಪಕ್ಕದ ಮನೆಯ ನರ್ಸ್, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಕಾಡು, ಕೋಟೆ, ರಾಕ್ಷಸರೆಲ್ಲ ಇವನ ಪಾಲು. ಏಟು ತಾಗಿತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು. ರಾಕ್ಷಸರ ದಾಳವನ್ನು ಮಾತ್ರ ಇವನು ರಟ್ಟಿನ ಮರೆಯಲ್ಲಿ ಉರುಳಿಸುತ್ತಿದ್ದ. ಆರು ವರ್ಷದಿಂದ ಅಲ್ಲಿ ಬಿದ್ದದ್ದೊಂದು, ಇವನು ಹೇಳಿದ್ದೊಂದು. ಆಟದಲ್ಲಿ ಇವರ ಪಾತ್ರಗಳಲ್ಲಿ ಒಂದೂ ಸತ್ತಿರಲಿಲ್ಲ.

ಸುಳ್ಳೆಲ್ಲ ಅಕ್ಕನಿಗಾಗಿ. ರಸ್ತೆ ದಾಟಲು ತಮ್ಮನ ತೋಳು ಹಿಡಿಯುವವಳು, ಗುರುತಿಲ್ಲದವರ ಫೋನ್ ಎತ್ತಿದರೆ ದನಿ ನಡುಗುವವಳು. ಮೇಜಿಗೆ ಕೂತರೆ ಮಾತ್ರ ಕತ್ತಿ ಹಿಡಿದ ದಳಪತಿ. ಆ ದಳಪತಿ ಸತ್ತರೆ ಅಕ್ಕನಿಗೆ ಉಳಿಯುವುದೇನು ಎಂದು ಅವನಿಗೆ ಸದಾ ಭಯ.

ಆ ಭಾನುವಾರ, ಉಳಿದವರು ತಪ್ಪಿಸಿಕೊಳ್ಳಲಿ ಎಂದು ದಳಪತಿ ಸೇತುವೆಯ ಮೇಲೆ ಒಬ್ಬಳೇ ನಿಂತಳು. ಎದುರಿಗೆ ರಾಕ್ಷಸ. ರಾಕ್ಷಸನ ದಾಳ ಹದಿನೈದು ದಾಟಿದರೆ ಅವಳ ಕಥೆ ಮುಗಿದಂತೆ. ಇವನು ರಟ್ಟಿನ ಹಿಂದೆ ಕೈ ಹಾಕಿದ.

"ರಟ್ಟು ತೆಗಿಯೋ," ಅಂದಳು ಅಕ್ಕ.

"ಯಾಕಕ್ಕಾ?"

"ಆರು ವರ್ಷದಿಂದ ನಿನ್ನ ರಾಕ್ಷಸರ ಗುರಿ ತಪ್ತಾನೇ ಇದೆ. ನಂಗೇನು ಗೊತ್ತಾಗಲ್ವಾ? ಸಾಯಲ್ಲ ಅಂತ ಗೊತ್ತಿದ್ರೆ ಇಲ್ಲಿ ನಿಲ್ಲೋಕೆ ಧೈರ್ಯ ಯಾಕೆ ಬೇಕು? ಇದು ವೀರರ ಕಥೆ ಹೇಗಾಗುತ್ತೆ?"

"ಇಪ್ಪತ್ತು ವರ್ಷ ಸಂಸಾರ ಮಾಡಿದವನ ಮಾತು ಕೇಳಪ್ಪ, ಸುಮ್ನೆ ತೆಗೆದುಬಿಡು," ಅಂದರು ಭಾವ.

ರಟ್ಟು ಮಡಚಿದ. ಅಂಗೈ ಬೆವರಿತ್ತು. ದಾಳ ಜಾರಿ, ಮೇಜಿನಂಚು ದಾಟಿ, ಬೀರುವಿನ ಅಡಿಗೆ ಉರುಳಿತು. ನೆಲಕ್ಕೆ ಬಿದ್ದ ದಾಳವೂ ಲೆಕ್ಕಕ್ಕೆ ಬರುತ್ತದೆ ಎಂಬುದು ಇವರ ಮನೆಯ ನಿಯಮ. ನೋಡಲು ಅಕ್ಕನೇ ಬಗ್ಗಿದಳು. ಅವಳೊಬ್ಬಳಿಗೇ ಕಾಣುವ ಜಾಗ ಅದು. ಯಾರೂ ನೋಡುತ್ತಿಲ್ಲ, ಚಿಕ್ಕ ಸಂಖ್ಯೆ ಯಾವುದಾದರೂ ಹೇಳಿಬಿಡಕ್ಕಾ ಎಂದು ಇವನ ಜೀವ ಬೇಡಿಕೊಳ್ಳುತ್ತಿತ್ತು.

"ಹದಿನೆಂಟು."

ದನಿ ಒಂದಿಷ್ಟೂ ನಡುಗಲಿಲ್ಲ. ಎದ್ದು ಕೂತವಳ ಕೆನ್ನೆಗೆ ಧೂಳು ಮೆತ್ತಿತ್ತು.

"ಉಳಿದವರೆಲ್ಲ ಸೇತುವೆ ದಾಟಿದ್ರಾ?" ಅಂತ ಕೇಳಿದಳು.